ಬಿಲ್ಲೆ ನನ್ನ ಕೊರಳಲ್ಲೇ ಇತ್ತು

ಮನೆ, ಊಟದ ಮೇಜು
ಮಂಗಳವಾರ, ಫೆಬ್ರವರಿ ೧೮, ಬೆಳಿಗ್ಗೆ ಹತ್ತು ಗಂಟೆ

ಸೊಸೆಗೆ ಅತ್ತೆಯ ಆಶೀರ್ವಾದ.

ನಾನು ಈ ಮನೆಯ ಯಜಮಾನಿ. ಇದು ನಿನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಮುಂದಿನದನ್ನು ಬರೆಯುತ್ತಿರುವವಳು ಯಾರು ಎಂಬುದು ಮೊದಲು ಕಾಗದದ ಮೇಲೆ ಇರಲಿ. ಮೂವತ್ತನಾಲ್ಕು ವರ್ಷ ಶಾಲಾ ಸಮವಸ್ತ್ರದ ಹೊಲಿಗೆ ಅಂಗಡಿ ನಡೆಸಿದವಳು. ಹನ್ನೊಂದು ಯಂತ್ರ, ಹದಿನಾಲ್ಕು ಹೆಂಗಸರು, ಒಂದು ಉದ್ದನೆಯ ಕತ್ತರಿಸುವ ಮೇಜು, ಆ ಮೇಜಿನ ತುದಿಯಲ್ಲಿ ನಾನು. ನಾನು ಒಳಗೆ ಕಾಲಿಟ್ಟರೆ ಯಂತ್ರದ ಸದ್ದು ಬಿಟ್ಟು ಬೇರೆ ಸದ್ದು ಕೇಳುತ್ತಿರಲಿಲ್ಲ. ನಿನ್ನ ಗಂಡನಿಗೆ ನಾಲ್ಕು ವರ್ಷವಾಗಿದ್ದಾಗ ಅವನ ಅಪ್ಪ ತೀರಿಕೊಂಡರು. ಮರುತಿಂಗಳಿಂದ ಅವನನ್ನು ಆ ಮೇಜಿನ ಕೆಳಗೆ ಕೂರಿಸಿಕೊಂಡೇ ಬೆಳೆಸಿದೆ. ಉಳಿದ ತುಂಡು ಬಟ್ಟೆ ಅವನ ಹಾಸಿಗೆ, ಖಾಲಿಯಾದ ನೂಲಿನ ಉರುಳೆ ಅವನ ಆಟದ ಸಾಮಾನು. ‘ಸ್ವಲ್ಪ ಹೊತ್ತು ನೋಡಿಕೊಳ್ಳಿ’ ಎಂದು ಯಾರ ಬಾಗಿಲಲ್ಲೂ ನಿಂತವಳಲ್ಲ. ಹೈಸ್ಕೂಲು ಮುಗಿಸಿದ್ದೇನೆ, ಅಕ್ಷರ ದುಂಡಗಿದೆ, ತಪ್ಪಿಲ್ಲದೆ ಬರೆಯಬಲ್ಲೆ. ಇಂಥವಳು ನಿನಗೆ ಮೊದಲ ಸಲ ಕಾಗದ ಬರೆಯುತ್ತಿದ್ದಾಳೆ, ಹೆದರಿಕೊಂಡು ಬರೆಯುತ್ತಿದ್ದಾಳೆ.

ಮಗು ಚೆನ್ನಾಗಿದೆ. ಮೈಮೇಲೆ ಒಂದು ಗೀರೂ ಇಲ್ಲ. ಈಗ ನನ್ನ ಎದುರಿಗೇ ನೆಲದ ಮೇಲೆ ಕೂತು ಈರುಳ್ಳಿ ಬುಟ್ಟಿಯನ್ನು ಖಾಲಿ ಮಾಡುತ್ತಿದೆ. ಇದನ್ನು ಎರಡು ಸಲ ಓದಿಕೋ, ಆಮೇಲೆ ಮುಂದಕ್ಕೆ ಹೋಗು. ನಿನ್ನ ಮೊಣಕಾಲು ಹೇಗಿದೆ? ತರಬೇತಿ ಕೇಂದ್ರದಲ್ಲಿ ದಿನಕ್ಕೆ ನಾಲ್ಕು ಸಲ ಏಣಿ ಹತ್ತಿಸುತ್ತಾರೆ ಎಂದೆಯಲ್ಲ, ಪಟ್ಟಿ ಕಟ್ಟಿಕೊಳ್ಳದೆ ಹತ್ತಬೇಡ. ಅಲ್ಲಿನ ಊಟ ಸಪ್ಪೆಯಾದರೂ ಬಿಡಬೇಡ. ನೀನು ಹೋಗುವಾಗಲೇ ಅರ್ಧ ಆಳಾಗಿದ್ದೆ. ಕೈಗೆ ಗ್ರೀಸ್ ಹತ್ತಿಸಿಕೊಳ್ಳುವ ಸೊಸೆ ಬಂದಳು ಎಂದು ಮದುವೆಯ ಹೊಸದರಲ್ಲಿ ನಾನು ಮೂಗು ಮುರಿದದ್ದು ನಿನಗೆ ಗೊತ್ತು. ಈಗ ಲಿಫ್ಟ್‌ನಲ್ಲಿ ಏರುವಾಗ, ಇಳಿಯುವಾಗ ಇದರ ಹಗ್ಗವನ್ನು ನನ್ನ ಸೊಸೆ ನೋಡಿದ್ದಾಳೆ ಅಂದುಕೊಳ್ಳುತ್ತೇನೆ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ದಿನಾ ಸಂಜೆ ಏಳಕ್ಕೆ ನೀನು ಫೋನ್ ಮಾಡುತ್ತೀಯಲ್ಲ, ಆಗಲೇ ಹೇಳಬಹುದಿತ್ತು ಎಂದು ಕೇಳುತ್ತೀಯ. ಐದು ದಿನ ಪ್ರಯತ್ನಪಟ್ಟೆ. ಫೋನ್ ಕೈಗೆ ಬಂದರೆ ನನ್ನ ದನಿ ತಾನಾಗಿಯೇ ಯಜಮಾನಿಯ ದನಿಯಾಗುತ್ತದೆ, ‘ಎಲ್ಲಾ ಚೆನ್ನಾಗಿದೆ, ನಿನ್ನ ಕೆಲಸ ನೀನು ನೋಡು’ ಎಂದುಬಿಡುತ್ತದೆ. ಕಾಗದದ ಮೇಲಾದರೆ ಒಂದರ ಹಿಂದೆ ಒಂದು ಬರೆಯಬಹುದು. ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ಬೇಸರಪಡಬೇಡ. ಎಲ್ಲವನ್ನೂ ಕ್ರಮವಾಗಿ ಇಟ್ಟುಕೊಳ್ಳುವುದು ಈಗ ನಿನಗಿಂತ ನನಗೆ ಹೆಚ್ಚು ಬೇಕಾಗಿದೆ.

ಹೆರಿಗೆಯಾಗಿ ಎಂಟನೆಯ ತಿಂಗಳಿಗೆ ನೀನು ಕೆಲಸಕ್ಕೆ ಹಿಂತಿರುಗುತ್ತೇನೆ ಎಂದಾಗ ನಾನು ಬೇಡ ಎನ್ನಲಿಲ್ಲ. ಆದರೆ ಮಗುವನ್ನು ನೋಡಿಕೊಳ್ಳಲು ಆಯಮ್ಮನನ್ನು ಕರೆತಂದೆಯಲ್ಲ, ಅದು ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಾನಿರುವ ಮನೆಗೆ ಇನ್ನೊಬ್ಬಳೇಕೆ? ನೀನು ಅಂದಿದ್ದೆ: “ಅತ್ತೆ, ನೀವಿದ್ದೀರಿ ಅಂತಲೇ ಧೈರ್ಯ. ಆದ್ರೆ ಮೂರು ಪಾಳಿಯ ಮನೆ ಇದು. ಒಬ್ಬರ ಮೇಲೇ ಬಿದ್ರೆ ಒಬ್ಬರು ಮುರಿದುಹೋಗ್ತಾರೆ.” ನಿನ್ನದು ಹೊತ್ತುಗೊತ್ತಿಲ್ಲದ ಕೆಲಸ. ಎಲ್ಲೋ ಒಂದು ಲಿಫ್ಟ್ ನಿಂತರೆ ಊಟ ಬಿಟ್ಟು ಏಳುತ್ತೀಯ. ನಿನ್ನ ಗಂಡನದು ನೀರು ಶುದ್ಧ ಮಾಡುವ ಘಟಕದಲ್ಲಿ ವಾರಕ್ಕೊಂದು ಪಾಳಿ. ನೀನು ಹೇಳಿದ್ದು ಸರಿಯಿತ್ತು. ಸರಿಯಿದ್ದದ್ದಕ್ಕೇ ನನಗೆ ಸಿಟ್ಟು.

ಆಯಮ್ಮ ಹಿಂದೆ ಶಿಶುವಿಹಾರದಲ್ಲಿ ಹನ್ನೆರಡು ವರ್ಷ ಇದ್ದವಳು. ಎಲ್ಲಕ್ಕೂ ಹೊತ್ತು ನೋಡುವವಳು. ಅದಕ್ಕೇ ನಾನು ಅವಳಿಗೆ ಗಡಿಯಾರ ಎಂದು ಹೆಸರಿಟ್ಟೆ. “ಏನೇ ಗಡಿಯಾರ, ಹಸಿವು ಮುಳ್ಳು ನೋಡಿಕೊಂಡು ಬರುತ್ತಾ?” ಎಂದರೆ, “ಹಸಿವು ಮಗೂದಮ್ಮ, ಮುಳ್ಳು ನಂದು. ಎರಡೂ ಜಗಳ ಆಡಿದ್ರೆ ನೀವು ಬಿಡಿಸಿ” ಅನ್ನುತ್ತಿದ್ದಳು. ಎದುರು ಮಾತಾಡುವವರು ನನಗೆ ಸೇರುವುದಿಲ್ಲ, ಆದರೆ ಅವಳ ಮಾತಿಗೆ ಎರಡು ಸಲ ಒಳಗೆ ಹೋಗಿ ನಕ್ಕಿದ್ದೇನೆ. ಮಗುವಿಗೆ ಉಂಡೆ ಎಂಬ ಹೆಸರು ಬಿದ್ದದ್ದೂ ನಮ್ಮಿಬ್ಬರ ಜಗಳದಲ್ಲೇ. ನೂಲಿನ ಉಂಡೆಯ ಹಾಗೆ ಉರುಳುತ್ತೆ ಎಂದು ನಾನು, ಉರುಳಲಿ ಬಿಡಿ ಎಂದು ಅವಳು.

ಆಮೇಲೆ ನಿನ್ನ ಕೆಂಪು ಬಿಲ್ಲೆ. ಲಿಫ್ಟಿನ ಗೂಡಿನೊಳಗೆ ಇಳಿಯುವಾಗ ನೀವು ಸ್ವಿಚ್ಚಿಗೆ ಒಂದು ಕೆಂಪು ಬಿಲ್ಲೆ ತೂಗುಹಾಕುತ್ತೀರಂತೆ, ಹಾಕಿದವರೇ ತೆಗೆಯಬೇಕಂತೆ, ಬೇರೆಯವರು ಮುಟ್ಟುವಂತಿಲ್ಲವಂತೆ. ಅಂಥದ್ದೊಂದನ್ನು ದಾರಕ್ಕೆ ಪೋಣಿಸಿ ತಂದು, ಬಿಲ್ಲೆ ಯಾರ ಕೊರಳಲ್ಲಿದೆಯೋ ಮಗು ಅವರ ಕೈಯಲ್ಲಿದೆ ಎಂದು ನಿಯಮ ಮಾಡಿದೆ. ಇನ್ನೊಬ್ಬರ ಕೊರಳಿಗೆ ಹಾಕುವ ತನಕ ಅದನ್ನು ತೆಗೆಯುವ ಹಾಗಿಲ್ಲ. ದನಕ್ಕೆ ಗಂಟೆ ಕಟ್ಟಿದ ಹಾಗೆ ಎಂದು ನಾನು ಒಂದು ತಿಂಗಳು ಬೈದೆ. ಬೈಯುತ್ತಲೇ ಹಾಕಿಕೊಂಡೆ. ನಿನ್ನ ಗಂಡ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಈಗ ನಾನು ನಿನಗೆ ಹೇಳಿದ ದೊಡ್ಡ ಸುಳ್ಳು. ನೀನು ತರಬೇತಿಗೆ ಹೋದ ಹತ್ತನೆಯ ದಿನ, ಆಯಮ್ಮನ ಅಕ್ಕನಿಗೆ ಹುಷಾರಿಲ್ಲ, ಊರಿಗೆ ಹೋದಳು ಎಂದೆ. ನಿನ್ನ ಗಂಡನಿಗೂ ಹಾಗೇ ಹೇಳಿದೆ. ಅವಳಿಗೆ ಅಕ್ಕನೇ ಇಲ್ಲ. ನಾನು ಅವಳನ್ನು ಕೆಲಸದಿಂದ ತೆಗೆದೆ. ಅವತ್ತು ಮಗು ಮಲಗಿತ್ತು. ಅವಳು ಅಡುಗೆಮನೆಗೆ ಬಂದು ಬಾಗಿಲು ಮುಂದಕ್ಕೆ ಮಾಡಿ, ಕೈ ಒರೆಸಿಕೊಳ್ಳುತ್ತಾ, “ಅಮ್ಮ, ಕೋಪ ಮಾಡ್ಕೋಬೇಡಿ. ನಿನ್ನೆ ಮಗೂಗೆ ಎರಡು ಸಲ ಸ್ನಾನ ಮಾಡಿಸಿದ್ರಿ. ಮೊನ್ನೆ ಒಲೆ ಮೇಲೆ ಖಾಲಿ ಪಾತ್ರೆ ಇಟ್ಟು ಆಚೆ ಹೋಗಿದ್ರಿ, ತಳ ಕೆಂಪಾಗಿತ್ತು. ನಾನು ಯಾರಿಗೂ ಹೇಳಿಲ್ಲ. ಒಂದ್ಸಲ ಡಾಕ್ಟರಿಗೆ ತೋರಿಸಿ” ಎಂದಳು. ಮೆತ್ತಗೆ ಹೇಳಿದಳು. ಆ ಮೆತ್ತನೆಯ ದನಿಯೇ ನನ್ನನ್ನು ಕೆಡಿಸಿತು. ಕಾಯಿಲೆಯವರ ಹತ್ತಿರ ಮಾತಾಡುವ ದನಿ ಅದು. “ನನ್ನ ಮನೇಲಿ ನನ್ನ ಮೇಲೇ ಪಹರೆ ಕಾಯ್ತೀಯಾ? ನಾಳೆಯಿಂದ ಬರಬೇಡ” ಎಂದೆ. ಅವಳು ಬೇಡಿಕೊಳ್ಳಲಿಲ್ಲ. ಒರೆಸುವ ಬಟ್ಟೆ ಮಡಿಸಿಟ್ಟಳು. ಚಪ್ಪಲಿ ಹಾಕಿಕೊಂಡ ಮೇಲೆ, “ನಾಲ್ಕು ಗಂಟೆಗೆ ಹಣ್ಣು ಕೊಡಿ, ಬೀಜ ತೆಗೆದು” ಎಂದು ಹೇಳಿ ಹೋದಳು.

ಅವಳು ಸುಳ್ಳು ಹೇಳಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅವಳು ಹೇಳಿದ್ದು ನನಗೆ ಮೊದಲೇ ಗೊತ್ತಿತ್ತು. ಜನವರಿಯಲ್ಲಿ ಉಂಡೆಗೆ ಒಂದು ಅಂಗಿ ಕತ್ತರಿಸಿದೆನಲ್ಲ, ಹಳದಿಯದು, ಅದು ಎಲ್ಲಿ ಎಂದು ನೀನು ಕೇಳಿದ್ದೆ, ಬಟ್ಟೆ ಸಾಲಲಿಲ್ಲ ಎಂದು ನಾನು ಹೇಳಿದ್ದೆ. ಬಟ್ಟೆ ಸಾಕಾಗಿತ್ತು. ಎರಡೂ ತೋಳನ್ನು ಎಡಗೈಗೇ ಕತ್ತರಿಸಿದ್ದೆ. ಕೆಲಸ ಕಲಿಯಲು ಬಂದ ಹುಡುಗಿಯರು ಮೊದಲ ವಾರ ಮಾಡುವ ತಪ್ಪು ಅದು. ಅಂಥ ತೋಳನ್ನು ನಾನು ಎಷ್ಟು ಜನರ ಮುಂದೆ ಎತ್ತಿ ತೋರಿಸಿ ನಗಿಸಿಲ್ಲ. ಕಣ್ಣು ಮುಚ್ಚಿ ನಲವತ್ತು ಅಂಗಿ ಕತ್ತರಿಸುತ್ತಿದ್ದ ಕೈ ಅದು. ಆ ತೋಳುಗಳನ್ನು ಮೇಜಿನ ಮೇಲೆ ಹರಡಿಕೊಂಡು, ತಿರುಗಿಸಿ, ಮಗುಚಿ, ಯಾವುದು ತಪ್ಪು ಎಂದು ತಿಳಿಯದೆ ಕಾಲು ಗಂಟೆ ನಿಂತಿದ್ದೆ. ಆಮೇಲೆ ಸುತ್ತಿ ಕಸದ ಡಬ್ಬಿಯ ತಳಕ್ಕೆ ಹಾಕಿದೆ. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೆ ವಾರ ಯಾವುದು, ತಾರೀಖು ಯಾವುದು ಎಂದು ನನ್ನನ್ನು ನಾನೇ ಪರೀಕ್ಷೆ ಮಾಡುತ್ತೇನೆ. ಗೊತ್ತಾದರೆ ಹಲ್ಲುಜ್ಜುತ್ತೇನೆ. ಗೊತ್ತಾಗದಿದ್ದರೆ ಪತ್ರಿಕೆ ಬರುವವರೆಗೆ ಕೋಣೆಯಿಂದ ಹೊರಗೆ ಬರುವುದಿಲ್ಲ. ಒಂದು ಕಣ್ಣು ನನ್ನನ್ನು ನೋಡುತ್ತಿದೆ ಎಂದು ತಿಳಿದಾಗ ಆ ಕಣ್ಣನ್ನೇ ಮನೆಯಿಂದ ಹೊರಗೆ ಹಾಕಿದೆ. ಆಯಮ್ಮನ ವಿಷಯದಲ್ಲಿ ನಾನು ಮಾಡಿದ್ದು ಇಷ್ಟೆ.

ಕಳೆದ ಗುರುವಾರ. ನಿನ್ನ ಗಂಡನಿಗೆ ಮಧ್ಯಾಹ್ನದ ಪಾಳಿ. ಒಂದೂವರೆಗೆ ಬಿಲ್ಲೆಯನ್ನು ನನ್ನ ಕೊರಳಿಗೆ ಹಾಕಿ, “ಮಗು ನಿನ್ನದು ಕಣಮ್ಮ” ಎಂದು ದಿನಾ ಹೇಳುವ ಹಾಗೆ ಹೇಳಿ ಹೋದ. ಅದು ನನಗೆ ನೆನಪಿದೆ. ಮೂರಕ್ಕೆ ಬ್ರೆಡ್ ತರಲು ಮಗುವಿನ ಕೈ ಹಿಡಿದು ಕೆಳಗಿಳಿದೆ. ಅದೂ ನೆನಪಿದೆ. ಮೋಡವಿತ್ತು, ಕೊಡೆ ತೆಗೆದುಕೊಂಡಿದ್ದೆ. ಅದಾದ ಮೇಲೆ ನನಗೆ ನೆನಪಿರುವುದು ಇದು: ನಾಲ್ಕನೆಯ ಮಹಡಿ, ನಮ್ಮ ಮನೆ, ಸ್ಟೂಲಿನ ಮೇಲೆ ಬ್ರೆಡ್, ಮೂಲೆಯಲ್ಲಿ ಕೊಡೆ, ನನ್ನ ಕೈಯಲ್ಲಿ ಚಹದ ಲೋಟ. ಮನೆ ಎಷ್ಟು ತಣ್ಣಗಿದೆ, ಸದ್ದಿಲ್ಲದೆ ಎಷ್ಟು ಸುಖವಾಗಿದೆ ಎಂದುಕೊಂಡು ಚಹ ಕುಡಿದೆ. ಹಾಗೆ ಅಂದುಕೊಂಡದ್ದನ್ನು ನಾನು ಮರೆಯುವಂತಾದರೆ ದೇವರಿಗೆ ಕೈ ಮುಗಿಯುತ್ತೇನೆ, ಆದರೆ ಅದೊಂದನ್ನು ಮರೆಯುತ್ತಿಲ್ಲ.

ಆಯಮ್ಮ ಮಗುವನ್ನು ಆಟದ ಬಯಲಿಗೆ ಕರೆದುಕೊಂಡು ಹೋಗಿದ್ದಾಳೆ ಎಂದು ನನ್ನ ತಲೆಯಲ್ಲಿತ್ತು. ಇರಬಹುದು ಎಂಬ ಅನುಮಾನವಲ್ಲ, ನಿಶ್ಚಯವಾಗಿ ಗೊತ್ತಿತ್ತು. ಅವಳು ಚಪ್ಪಲಿ ಮೆಟ್ಟಿದ್ದು, ಬಾಗಿಲು ಎಳೆದುಕೊಂಡದ್ದು ಕಣ್ಣಿಗೆ ಕಟ್ಟಿದಂತಿತ್ತು. ಅವಳನ್ನು ತೆಗೆದು ಮೂರು ವಾರದ ಮೇಲಾಗಿತ್ತು. ಮೂರೂ ಮುಕ್ಕಾಲಾಯಿತು. ಬಾಲ್ಕನಿಗೆ ಹೋಗಿ ಇಣುಕಿದೆ. ಮೋಡ ಕಟ್ಟುತ್ತಿದೆ, ಇನ್ನೂ ಬಂದಿಲ್ಲ, ಇವಳ ಮುಳ್ಳು ಇವತ್ತು ಎಲ್ಲಿ ಸಿಕ್ಕಿಕೊಂಡಿತು, ಬರಲಿ ಇವತ್ತು, ಎಂದು ಹಲ್ಲು ಕಚ್ಚಿಕೊಂಡೆ. ಕೆಳಗೆ ಬಗ್ಗಿ, “ಏ ಗಡಿಯಾರ, ಮಗೂನ ಕರ್ಕೊಂಡು ಬಾ” ಎಂದು ಗಟ್ಟಿಯಾಗಿ ಕೂಗಿದೆ. ಕೆಳಗಿನ ಮಹಡಿಯವರು ತಲೆ ಎತ್ತಿ ನೋಡಿದರು. ಬಗ್ಗಿದ್ದಕ್ಕೆ ಏನೋ ಒಂದು ಕಂಬಿಗೆ ತಗುಲಿ ಟಣ್ ಎಂದಿತು. ಏನೆಂದು ನೋಡಿದೆ. ಬಿಲ್ಲೆ. ನನ್ನ ಕೊರಳಲ್ಲೇ ಇತ್ತು.

ಹೆದರಿಕೆ ಎಂದರೆ ಏನು ಎಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಗಂಡ ಹೋದ ದಿನ ಗೊತ್ತಾಗಿದೆ ಎಂದುಕೊಂಡಿದ್ದೆ. ಅದು ದುಃಖ, ಹೆದರಿಕೆಯಲ್ಲ. ಹೆದರಿಕೆಯಲ್ಲಿ ಕಣ್ಣೀರು ಬರುವುದಿಲ್ಲ, ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಎಲ್ಲಾ ಕೋಣೆಗಳಲ್ಲಿ ನೋಡಿದೆ. ಬಟ್ಟೆ ಒಗೆಯುವ ಯಂತ್ರದೊಳಗೆ ನೋಡಿದೆ. ಮಂಚದ ಕೆಳಗೆ ನೋಡಿದೆ. ಲಿಫ್ಟಿನ ಗುಂಡಿ ಒತ್ತಿ ನಿಂತಾಗ ಒಂದು ಯೋಚನೆ ಬಂತು, ಲಿಫ್ಟಿನೊಳಗೇ ಬಿಟ್ಟಿದ್ದರೆ? ಅದು ಮೇಲೆ ಕೆಳಗೆ ಹೋಗುತ್ತಾ ಅಳುತ್ತಿದ್ದರೆ? ಬಾಗಿಲು ತೆರೆಯಿತು, ಒಳಗೆ ಯಾರೂ ಇರಲಿಲ್ಲ. ಮೆಟ್ಟಿಲಲ್ಲೇ ಇಳಿದೆ, ಪ್ರತಿ ಮಹಡಿಯಲ್ಲೂ ಕರೆಯುತ್ತಾ. ಕರೆಯಲು ಹೋದರೆ ಹೆಸರು ಬಾಯಿಗೆ ಬರಲಿಲ್ಲ. ನನ್ನ ಮೊಮ್ಮಗಳ ಹೆಸರು. ನಾನೇ ಆರಿಸಿ ಇಟ್ಟ ಹೆಸರು. “ಉಂಡೆ, ಉಂಡೆ” ಎಂದು ಕೂಗುತ್ತಾ ಇಳಿದೆ, ಆ ಅಡ್ಡಹೆಸರಾದರೂ ಉಳಿದಿತ್ತು.

ಬ್ರೆಡ್ ಅಂಗಡಿಯವನು, “ಆಗಲೇ ತಗೊಂಡು ಹೋದ್ರಲ್ಲಮ್ಮ” ಎಂದ. “ಮಗು ಜೊತೇಲಿತ್ತಾ?” ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿ, “ಇತ್ತಲ್ಲ. ಆಮೇಲೆ ಕೊಡೆ ಮರೆತಿದ್ದೀನಿ ಅಂತ ಒಬ್ಬರೇ ವಾಪಸ್ ಬಂದ್ರಿ” ಎಂದ. ಅವನು ಗಲ್ಲಾ ಬಿಟ್ಟು ಹೊರಗೆ ಬಂದು ರಸ್ತೆಯ ಆಚೆ ಕೈ ತೋರಿಸಿದ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಮಗು ಕೂತಿತ್ತು. ಎರಡೂ ಕೈ ತೊಡೆಯ ಮೇಲೆ, ಕಾಲು ಜೋಡಿಸಿ, ಬೆನ್ನು ನೆಟ್ಟಗೆ. ನಾನು ಕಲಿಸಿದ ಹಾಗೆ. ಪಕ್ಕದಲ್ಲಿ ಆಸ್ಪತ್ರೆ ಸಮವಸ್ತ್ರದ ಒಬ್ಬ ಹೆಂಗಸು. ಆಮೇಲೆ ಅಂಗಡಿಯವನು, ಆ ಹೆಂಗಸು, ಮಗು, ಮೂವರ ಮಾತನ್ನೂ ತುಂಡು ಬಟ್ಟೆ ಜೋಡಿಸಿದ ಹಾಗೆ ಜೋಡಿಸಿ ನೋಡಿದೆ. ಬೂಟಿನ ದಾರ ಬಿಚ್ಚಿತ್ತು ಎಂದು ನಾನೇ ಮಗುವನ್ನು ಅಲ್ಲಿ ಕೂರಿಸಿ ಕಟ್ಟಿದ್ದೇನೆ. ಕೊಡೆ ನೆನಪಾಗಿ, “ಇಲ್ಲೇ ಕೂತ್ಕೋ, ಅಲ್ಲಾಡಬೇಡ, ಬಂದೆ” ಎಂದಿದ್ದೇನೆ. ಅಂಗಡಿಗೆ ಹೋಗಿದ್ದೇನೆ, ಕೊಡೆ ತೆಗೆದುಕೊಂಡು ನೇರ ಮನೆಗೆ ಹೋಗಿದ್ದೇನೆ. ನಡುವಿನ ಆ ಒಂದು ತುಂಡು ನನ್ನ ಹತ್ತಿರ ಇಲ್ಲ. ಎಷ್ಟು ಹುಡುಕಿದರೂ ಇಲ್ಲ.

ಆ ಹೆಂಗಸು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, “ನೀವಾ ಅಜ್ಜಿ? ಎರಡು ಬಸ್ ಬಿಟ್ಟೆ ನಾನು. ಎತ್ಕೊಂಡು ಪೊಲೀಸ್ ಠಾಣೆಗೆ ಹೋಗೋಣ ಅಂದ್ರೆ ಏಳೋದೇ ಇಲ್ಲ ಅಂತು, ಅಜ್ಜಿ ಅಲ್ಲಾಡಬೇಡ ಅಂದಿದ್ದಾಳೆ ಅಂತ” ಎಂದಳು. ಮೂರು ತುಂಬದ ಮಗು, ನಲವತ್ತು ನಿಮಿಷ. ಚಡ್ಡಿ ಒದ್ದೆಯಾಗಿತ್ತು, ಬೆಂಚು ಒದ್ದೆಯಾಗಿತ್ತು, ಆದರೂ ಎದ್ದಿರಲಿಲ್ಲ. ನೀವು ಮಗುವನ್ನು ತೀರಾ ಹೆದರಿಸಿಟ್ಟಿದ್ದೀರಿ ಎಂದು ನೀನು ನನ್ನ ಮೇಲೆ ಬೇಸರ ಮಾಡಿಕೊಂಡಿದ್ದೆ. ಆ ಹೆದರಿಕೆಯೇ ಅದನ್ನು ಬಸ್ಸುಗಳ ಗಾಲಿಯಿಂದ ದೂರ ಇಟ್ಟಿತು ಎಂದು ವಾದ ಮಾಡಬಹುದು. ಮಾಡುವುದಿಲ್ಲ. ನನ್ನ ಮಾತನ್ನು ಮಗು ನೆನಪಿಟ್ಟುಕೊಂಡಿತ್ತು, ಆಡಿದ ನಾನು ಮರೆತಿದ್ದೆ. ನನ್ನ ಮಾತು ಕೇಳುವವರಿಗೇ ಇನ್ನು ನನ್ನಿಂದ ಅಪಾಯ ಎಂದು ಅಲ್ಲಿ, ಆ ಬೆಂಚಿನ ಮುಂದೆ ನನಗೆ ಹೊಳೆಯಿತು.

ಅದಕ್ಕಿಂತ ಕೆಟ್ಟದ್ದನ್ನು ಮನೆಗೆ ಬಂದ ಮೇಲೆ ಮಾಡಿದೆ. ಬಟ್ಟೆ ಬದಲಿಸುತ್ತಾ, “ಅಪ್ಪಂಗೆ ಹೇಳ್ಬೇಡ, ಅಮ್ಮಂಗೆ ಹೇಳ್ಬೇಡ” ಎಂದೆ. ಅದು ತಲೆ ಆಡಿಸಿತು. ಸಂಜೆ ನಿನ್ನ ಫೋನ್ ಬಂತು. ಇವತ್ತು ಏನು ಮಾಡಿದೆ ಪುಟ್ಟಿ ಎಂದು ನೀನು ಕೇಳಿದೆ. ಮಗು ನನ್ನ ಮುಖ ನೋಡಿತು. ಅಷ್ಟು ಹೊತ್ತು ಯಾವ ಮಗುವೂ ಯಾರ ಮುಖವನ್ನೂ ನೋಡಬಾರದು. ಆಮೇಲೆ, “ಕೂತಿದ್ದೆ” ಎಂದಿತು. ನೀನು ನಕ್ಕೆ. “ನನ್ ಮಗಳು ಕೂತಿದ್ಲಂತೆ, ನಂಬಬೇಕಾ ಅತ್ತೆ?” ಎಂದು ಎಷ್ಟು ಚೆನ್ನಾಗಿ ನಕ್ಕೆ. ನಾನೂ ಜೊತೆಗೆ ನಕ್ಕೆ.

ಶುಕ್ರವಾರದಿಂದ ನಿನ್ನೆಯ ತನಕ ನಾನು ಹೇಗಿದ್ದೆ ಎಂದು ಕೇಳಬೇಡ. ಅಳತೆಯ ಟೇಪನ್ನು ಒಂದು ತುದಿ ನನ್ನ ಮಣಿಕಟ್ಟಿಗೆ, ಇನ್ನೊಂದು ತುದಿ ಮಗುವಿನ ಸೊಂಟಕ್ಕೆ ಕಟ್ಟಿಕೊಂಡಿದ್ದೆ. ಅಡುಗೆಮನೆಗೆ ಹೋದರೂ ಅದು ಹಿಂದೆ, ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ. ನಿನ್ನ ಗಂಡ ನೋಡಿ, “ಏನಮ್ಮ, ಉಂಡೆಗೆ ದಾರ ಬಿಟ್ಟು ಗಾಳಿಪಟ ಹಾರಿಸ್ತೀಯಾ?” ಎಂದು ತಮಾಷೆ ಮಾಡಿದ. ಒಲೆ ಹಚ್ಚಲು ಹೆದರಿ ಅವನು ಇರುವಾಗಲೇ ಎರಡು ಹೊತ್ತಿನ ಅಡುಗೆ ಮುಗಿಸಿಡುತ್ತಿದ್ದೆ. ಯಾರೋ ಬಾಗಿಲು ತಟ್ಟಿದರೆ ತೆರೆಯುತ್ತಿರಲಿಲ್ಲ, ತೆರೆದ ಬಾಗಿಲನ್ನು ಹಾಕಲು ಮರೆತರೆ ಎಂದು. ನಿನ್ನೆ ಬೆಳಿಗ್ಗೆ ಮಗು ಟೇಪನ್ನು ತಾನೇ ತಂದು ನನ್ನ ಕೈಗೆ ಕೊಟ್ಟು, ಕಟ್ಟು ಎಂದು ಅಂಗಿ ಎತ್ತಿ ನಿಂತಿತು. ಅದಕ್ಕೆ ಅದು ಅಭ್ಯಾಸವಾಗಿಹೋಗಿತ್ತು. ನಾನು ಕಟ್ಟಲಿಲ್ಲ. ಚಪ್ಪಲಿ ಮೆಟ್ಟಿಕೊಂಡೆ.

ಆಯಮ್ಮನ ಮನೆ ಎರಡು ಬೀದಿ ಆಚೆ, ಸೈಕಲ್ ರಿಪೇರಿ ಅಂಗಡಿಯ ಮೇಲೆ. ಕಿರಿದಾದ ಕಬ್ಬಿಣದ ಮೆಟ್ಟಿಲು. ಮಗುವನ್ನು ಮುಂದೆ ಹತ್ತಿಸಿ ಹಿಂದೆ ನಾನು ಹತ್ತಿದೆ. ಅವಳು ಬಾಗಿಲು ತೆಗೆದಳು. ಮಗು ಅವಳ ಕಾಲಿಗೆ ಅಂಟಿಕೊಂಡಿತು. ನನ್ನನ್ನು ಕೂರಿ ಎನ್ನಲಿಲ್ಲ, ನಾನೂ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಬೆಂಚು, ಬಿಲ್ಲೆ, ಬಾಲ್ಕನಿಯಿಂದ ಅವಳನ್ನೇ ಕೂಗಿದ್ದು, ಮಗುವಿಗೆ ಹೇಳಬೇಡ ಎಂದದ್ದು. ಅವಳು ಮಗುವಿನ ತಲೆ ಸವರುತ್ತಲೇ ಕೇಳಿದಳು. ಆಮೇಲೆ, “ಮಗೂನ ನೋಡ್ಕೊಳ್ಳೋಕೆ ಕರೀತಿದ್ದೀರೋ, ನಿಮ್ಮನ್ನೂ ಸೇರಿಸೋ?” ಎಂದಳು. ಬೇರೆ ದಿನವಾಗಿದ್ದರೆ ಆ ಮಾತಿಗೆ ಮೆಟ್ಟಿಲಿಳಿದು ಬರುತ್ತಿದ್ದೆ. “ಸೇರಿಸಿ” ಎಂದೆ. ನನ್ನ ಗಂಟಲಿನಿಂದ ಆ ಮಾತು ಬಂದದ್ದು ನನಗೇ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು.

ಅವಳು ಒಪ್ಪಿದಳು. ಒಂದು ಷರತ್ತು ಹಾಕಿದಳು. “ಅವರಿಬ್ಬರಿಗೂ ನೀವೇ ಹೇಳಬೇಕು. ನಾನು ಹೇಳಿದ್ರೆ ಚಾಡಿ ಆಗುತ್ತೆ. ಮಗು ಹೇಳಿದ್ರೆ ಅದಕ್ಕೆ ಪಾಪ ಸುತ್ತಿಕೊಳ್ಳುತ್ತೆ.” ಆಮೇಲೆ ಕೈಚೀಲ ತೆಗೆದುಕೊಂಡು ನಮ್ಮ ಹಿಂದೆಯೇ ಬಂದಳು, ಗಡಿಯಾರ ನೋಡಿ, ಹನ್ನೊಂದಕ್ಕೆ ಹತ್ತು ನಿಮಿಷ ಇದೆ, ಮಗುವಿಗೆ ತಿಂಡಿ ಕೊಟ್ಟಿದ್ದೀರಾ ಎಂದಳು. ಕೊಟ್ಟಿದ್ದೇನೋ ಇಲ್ಲವೋ ನನಗೆ ತಿಳಿಯಲಿಲ್ಲ. ಗೊತ್ತಿಲ್ಲ ಎಂದೆ. ಇಷ್ಟು ದಿನದಲ್ಲಿ ಮೊದಲ ಸಲ ಗೊತ್ತಿಲ್ಲ ಎಂದು ನಿಜ ಹೇಳಿದೆ. ಅವಳು ಮಗುವಿನ ಹೊಟ್ಟೆ ಮುಟ್ಟಿ ನೋಡಿ, “ಕೊಟ್ಟಿದ್ದೀರಿ” ಎಂದಳು.

ಇವತ್ತು ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಿನ್ನ ಗಂಡನಿಗೆ ಹೇಳಿದೆ. ಲೋಟ ಕೆಳಗಿಟ್ಟ. “ಯಾಕಮ್ಮ ಅವತ್ತೇ ಹೇಳಲಿಲ್ಲ?” ಎಂದು ಕೇಳಿದ. ಸೊಕ್ಕು ಕಣೋ ಎಂದೆ. ಅವನು ನೆಲದ ಮೇಲೆ ಕೂತು ಮಗುವನ್ನು ಕರೆದ. ನಾನು ಅದರ ಎದುರಿಗೇ, “ಉಂಡೆ, ಅಪ್ಪಂಗೆ ಹೇಳು, ಅಜ್ಜಿ ತಪ್ಪು ಹೇಳಿದ್ದಳು, ಹೇಳಬಹುದು” ಎಂದೆ. ಮಗು ನನ್ನ ಮುಖ ನೋಡಿತು, ಅವನ ಮುಖ ನೋಡಿತು. “ಬಸ್ ಬಂತು. ಇನ್ನೊಂದು ಬಸ್ ಬಂತು. ಅಜ್ಜಿ ಬರಲಿಲ್ಲ” ಎಂದಿತು. ನಿನ್ನ ಗಂಡ ಅದನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಬಂದು, ಶುಕ್ರವಾರಕ್ಕೆ ನರರೋಗದ ವೈದ್ಯರ ಹತ್ತಿರ ನನ್ನ ಹೆಸರು ಬರೆಸಿದ್ದಾಗಿ ಹೇಳಿದ. ನಿನಗೆ ಈಗಲೇ ತಿಳಿಸುವುದು ಬೇಡ, ವೈದ್ಯರ ಪರೀಕ್ಷೆ ಮುಗಿಯಲಿ ಎಂದೂ ಅಂದ. ಈ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕು, ನಾನು ಬರೆಯುತ್ತೇನೆ ಎಂದೆ. ಅವನ ಮಾತು ಮೀರಿ ಬರೆಯುತ್ತಿದ್ದೇನೆ.

ನೀನು ಓದಿ ಮುಗಿಸಿ ಪೆಟ್ಟಿಗೆ ಕಟ್ಟುತ್ತೀಯ ಎಂದು ಗೊತ್ತು. ಕಟ್ಟಬೇಡ. ತರಬೇತಿ ಮುಗಿಯಲು ಇನ್ನು ಮೂರು ವಾರವಿದೆ. ಮೇಲ್ವಿಚಾರಕಿಯಾಗಿ ಬಾ. ನೀನು ಹಿಂತಿರುಗಿದ ಮೇಲೆ ಮಗುವನ್ನು ನನ್ನಿಂದ ದೂರ ಇಡಬೇಕು ಅನ್ನಿಸಿದರೆ ಇಡು, ನಾನು ಯಾಕೆ ಎಂದು ಕೇಳುವುದಿಲ್ಲ. ಬೈಯಬೇಕು ಅನ್ನಿಸಿದರೆ ಬೈದುಬಿಡು, ಫೋನಿನಲ್ಲಿ ಬೇಡ, ಎದುರಿಗೆ ಬಂದು. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ನನಗೆ ಏನು ಹೆದರಿಕೆ ಎಂದು ನೀನು ತಿಳಿದಿರಬೇಕು. ಸಾಯುವುದಕ್ಕೆ ಅಲ್ಲ. ನಾನು ಎದ್ದು ಓಡಾಡಿಕೊಂಡು, ಗಟ್ಟಿ ದನಿಯಲ್ಲಿ ಮಾತಾಡಿಕೊಂಡು ಇರುವಾಗಲೇ ನಾನು ಇಲ್ಲದೆ ಹೋಗುತ್ತೇನಲ್ಲ, ಅದು ನನಗೆ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ.

ಹಗ್ಗ, ಕೊಂಡಿ ಎಲ್ಲ ನೋಡಿಕೊಂಡು ಇಳಿ. ಹೊತ್ತಿಗೆ ಸರಿಯಾಗಿ ಉಣ್ಣು. ಉಂಡೆ ಅಮ್ಮನಿಗೆ ಈರುಳ್ಳಿ ಕೊಡಬೇಕಂತೆ, ಅದರ ಸಿಪ್ಪೆಯೊಂದನ್ನು ಲಕೋಟೆಯೊಳಗೆ ಹಾಕುತ್ತಿದ್ದೇನೆ. ಕೈ ಹಿಡಿದ ಕೆಲಸ ನಿನ್ನನ್ನು ಮೇಲಕ್ಕೇ ಕರೆದುಕೊಂಡು ಹೋಗಲಿ ಎಂದು ಹರಸುವ,

ನಿನ್ನ ಅತ್ತೆ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇದಿಷ್ಟು. ಇದರ ಜೊತೆ ಇನ್ನೊಂದು ಹಾಳೆ ಇದೆ, ಕಳೆಯಬೇಡ. ಅದರಲ್ಲಿ ನನ್ನ ಕೈಬರಹದಲ್ಲಿ ಹೀಗಿದೆ: ಮುಂದೆ ಯಾವತ್ತಾದರೂ ನಾನು ಆಯಮ್ಮನಿಗೆ ಕೆಲಸ ಬಿಡು ಎಂದರೆ ಅವಳು ಬಿಡಬಾರದು, ಮಗುವನ್ನು ನನ್ನ ಕೈಗೆ ಕೊಡು ಎಂದರೆ ಕೊಡಬಾರದು, ನಾನು ಎಷ್ಟೇ ಗದರಿದರೂ, ಅತ್ತರೂ. ಇವಳು ಕಳ್ಳಿ, ಇವಳನ್ನು ಕಳಿಸು ಎಂದು ನಾನು ನಿನಗೆ ಫೋನ್ ಮಾಡಬಹುದು. ಇಂಥ ಕಾಗದ ನಾನು ಬರೆದೇ ಇಲ್ಲ ಎಂದು ಆಣೆ ಇಟ್ಟು ಹೇಳಬಹುದು. ಆಗ ನನ್ನ ಮಾತು ನಂಬಬೇಡ, ಈ ಅಕ್ಷರ ನಂಬು. ಒಂದು ಪ್ರತಿ ಅವಳ ಹತ್ತಿರ, ಒಂದು ನಿನ್ನ ಗಂಡನ ಹತ್ತಿರ, ಒಂದು ನಿನಗೆ. ಬೆಳಿಗ್ಗೆ ಒಂಬತ್ತೂಕಾಲಿಗೆ ಅವರಿಬ್ಬರ ಎದುರಿಗೂ ಮೂರಕ್ಕೂ ಸಹಿ ಮಾಡಿದ್ದೇನೆ.